ಇಸಿಲಕ್ಕೆ ಬಂದ ರಾಜವಾಕ್ಯ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಚಿನ್ನಹಗರಿಯೆಂದೂ ಜನಗಹಳ್ಳವೆಂದೂ ಹೆಸರುಳ್ಳ ಹೊಳೆಯ ಆಸುಪಾಸಿನಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳು ಕೆಲವೇ ಮೈಲಿಗಳ ಅಂತರದಲ್ಲಿರುವುವು. ಈ ಮೂರೆಡೆಗಳಲ್ಲಿಯೂ ಅಶೋಕಚಕ್ರವರ್ತಿಯ ಒಂದೇ ಒಕ್ಕಣೆಯ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಸಾಹೇಬರು 1892ರಲ್ಲಿ ಕಂಡುಹಿಡಿದು ಲೋಕಕ್ಕೆ ತಿಳಿಯಪಡಿಸಿದರು. ಮೌರ್ಯರ ಆಜ್ಞೆ ಮೈಸೂರು ಸೀಮೆಯವರೆಗೆ ನಡೆಯುತ್ತಿತ್ತೆಂಬುದಕ್ಕೆ ಅಲ್ಲಿಯವರೆಗೆ ಐತಿಹ್ಯಗಳಿದ್ದುವೇ ಹೊರತು ಕಲ್ಲಿನ ಸಾಕ್ಷ್ಯವಿರಲಿಲ್ಲ. ಆ ಬಳಿಕ ಈ ಶಾಸನಗಳನ್ನು ಕುರಿತು ಹುಟ್ಟಿದ ಬರವಣಿಗೆ ಅಪಾರವಾದುದು. ಬೌದ್ಧಧರ್ಮದ ಚರಿತ್ರೆ, ಮೌರ್ಯಸಾಮ್ರಾಜ್ಯದ ಎಲ್ಲೆ, ಬ್ರಾಹ್ಮೀಲಿಪಿಯ ಬೆಳವಣಿಗೆ, ಇವುಗಳಿಗಾಗಿ ವಿದ್ವಾಂಸರು ಇವನ್ನು ಮತ್ತೆ ಮತ್ತೆ ಓದಿರುವರು. ಆದರೆ ಈ ಹದಿಮೂರು ಸಾಲುಗಳು ಮೊದಲಿಗೆ ಒಂದು ರಾಜಭಾಷಣವೆಂಬ ದೃಷ್ಟಿಯಿಂದ ಇವನ್ನು ಪರಿಶೀಲಿಸುವುದು ಅಪೂರ್ವ. ಕನ್ನಡನಾಡಿನ ಜನರನ್ನು ಉದ್ದೇಶಿಸಿ ಒಬ್ಬ ಅರಸನು ಆಡಿದ ಮಾತುಗಳಲ್ಲಿ ಉಳಿದು ಬಂದಿರುವ ಅತ್ಯಂತ ಹಳೆಯ ಮಾತು ಇದೇ. ಅಧಿಕಾರವು ಮಾತಿನ ಮೂಲಕ ಹೇಗೆ ಹುಟ್ಟುತ್ತದೆ, ಒಪ್ಪಿಗೆಯನ್ನು ಹೇಗೆ ಸಂಪಾದಿಸುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ನಿದರ್ಶನವನ್ನು ಈ ಸೀಮೆಯವರು ಬೇರೆಡೆ ಹುಡುಕಬೇಕಾಗಿಲ್ಲ.

ಇದು ಬರಹವಲ್ಲವೆ, ಭಾಷಣವೆನ್ನುವುದು ಹೇಗೆ ಎಂದು ಕೆಲವರು ಕೇಳಬಹುದು. ಶಾಸನವೇ ತನ್ನನ್ನು ಕರೆದುಕೊಂಡಿರುವ ಹೆಸರು ‘ಸಾವಣ’. ಸಂಸ್ಕೃತದಲ್ಲಿ ಹೇಳುವುದಾದರೆ ‘ಶ್ರಾವಣ’, ಕೇಳಿಸತಕ್ಕದ್ದು ಎಂದರ್ಥ. ಕಲ್ಲಿನ ಮೇಲೆ ಕಂಡರಿಸಿದ್ದು ಮಾತು ಮಾಸದಿರಲೆಂದು ಮಾತ್ರ. ಓದಬಲ್ಲವನೊಬ್ಬನು ನಿಂತು ಹೇಳಬೇಕು, ಉಳಿದವರು ಕೇಳಬೇಕು, ಇದೇ ಅದರ ಪ್ರಯೋಗಕ್ರಮ.

ರಾಜನ ಮಾತು ಹೇಗಿರಬೇಕೆಂಬ ವಿಷಯದಲ್ಲಿ ನಮ್ಮ ಪೂರ್ವಿಕರು ಅಲಕ್ಷ್ಯಮಾಡಿದವರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ಕೌಟಿಲೀಯ ಅರ್ಥಶಾಸ್ತ್ರದಲ್ಲಿ ಶಾಸನಾಧಿಕಾರವೆಂಬ ಒಂದು ಪ್ರಕರಣವುಂಟು. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಗುಣಗಳನ್ನು ಅಲ್ಲಿ ಲೇಖಸಂಪತ್ತೆಂದು ಎಣಿಸಿದೆ. ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ದೋಷಗಳನ್ನು ಹೇಳಿದೆ. ಅಷ್ಟೇ ಅಲ್ಲ, ರಾಜಲೇಖದ ಪ್ರಯೋಜನಗಳನ್ನು ನಿಂದೆ, ಪ್ರಶಂಸೆ, ಪೃಚ್ಛೆ, ಆಖ್ಯಾನ ಎಂದು ಮೊದಲುಮಾಡಿ ಚೋದನ, ಸಾಂತ್ವ, ಭರ್ತ್ಸನ, ಅನುನಯ ಮುಂತಾಗಿ ಹದಿಮೂರಾಗಿ ವಿಂಗಡಿಸಿದೆ. ಈ ಗ್ರಂಥದ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ; ಮೌರ್ಯರ ಕಚೇರಿಯಲ್ಲಿ ಇದನ್ನು ಮುಂದಿಟ್ಟುಕೊಂಡು ಶಾಸನ ಬರೆದರೆಂದು ಹೇಳುವುದು ಸಾಹಸವಾದೀತು. ಆದರೂ ಅಳತೆಗೋಲಾಗಿ ಇದನ್ನು ಬಳಸಲು ಅಡ್ಡಿಯಿಲ್ಲ.

ಈಗ ಬಂಡೆಯ ಮಾತಿಗೆ ಬರೋಣ. ಶಾಸನದ ಆರಂಭದಲ್ಲಿ ಅಶೋಕನಿಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಅಲ್ಲಿಯ ಮಹಾಮಾತ್ರರೂ ಇಸಿಲದಲ್ಲಿರುವ ಮಹಾಮಾತ್ರರಿಗೆ ಹೇಳಿಕಳುಹಿಸುತ್ತಾರೆ. ಮೊದಲು ಅವರ ಆರೋಗ್ಯವನ್ನು ವಿಚಾರಿಸಬೇಕು, ಆಮೇಲೆ ದೇವಾನಾಂಪ್ರಿಯನ ಆಜ್ಞೆಯನ್ನು ತಿಳಿಸಬೇಕು ಎಂಬುದು ಒಕ್ಕಣೆ. ಈ ಕ್ಷೇಮಪ್ರಶ್ನೆ ಸಣ್ಣ ಸಂಗತಿಯೆಂದು ತಳ್ಳಿಬಿಡತಕ್ಕದ್ದಲ್ಲ. ಪಾಟಲೀಪುತ್ರದಿಂದ ಸುವರ್ಣಗಿರಿಗೆ, ಸುವರ್ಣಗಿರಿಯಿಂದ ಇಸಿಲಕ್ಕೆ, ಇಸಿಲದಿಂದ ಹಳ್ಳಿಗಳಿಗೆ ಇಳಿಯಬೇಕಾದ ಆಜ್ಞೆ ಮೆಟ್ಟಿಲಿಂದ ಮೆಟ್ಟಿಲಿಗೆ ಉಪಚಾರದ ಮಾತಿನೊಡನೆ ಇಳಿಯುತ್ತಿದೆ. ‘ಆಣಪಯತಿ’, ಎಂದರೆ ಆಜ್ಞಾಪಿಸುತ್ತಾನೆ, ಎಂಬ ಬಿರುಸಾದ ಕ್ರಿಯಾಪದಕ್ಕೆ ಮುಂಚೆ ‘ಆರೋಗಿಯ’ ಎಂಬ ಮೃದುವಾದ ನುಡಿ ನಿಂತಿದೆ. ಕೌಟಿಲ್ಯನ ಎಣಿಕೆಯಲ್ಲಿ ಇದು ಸಾಂತ್ವ. ಇಂದಿಗೂ ಹಳ್ಳಿಯ ಪಂಚಾಯಿತಿಗೆ ಕೂತ ಹಿರಿಯನು ಮಳೆಬೆಳೆಯನ್ನು ವಿಚಾರಿಸದೆ ವ್ಯಾಜ್ಯಕ್ಕೆ ಕೈಹಾಕುವುದಿಲ್ಲ.

ಆ ಮೇಲೆ ಚಕ್ರವರ್ತಿಯ ಸ್ವಂತ ಮಾತು ತೊಡಗುವುದು. ಅರಸನ ಮಾತು ತನ್ನ ವಂಶದ ಹಿರಿಮೆಯಿಂದಲೋ ಗೆದ್ದ ರಾಜ್ಯಗಳ ಪಟ್ಟಿಯಿಂದಲೋ ಮೊದಲಾಗುವುದು ವಾಡಿಕೆ. ಇಲ್ಲಿಯಾದರೋ ಅವನು ಹೇಳಿಕೊಳ್ಳುವುದು ತನ್ನ ಕೊರತೆಯನ್ನು. ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲ ಸಂದಿತೆಂದೂ, ಮೊದಲಿನ ಒಂದು ವರ್ಷ ತಾನು ಹೆಚ್ಚಿನ ಪರಾಕ್ರಮವನ್ನೇನೂ ತೋರಲಿಲ್ಲವೆಂದೂ, ಸಂಘಕ್ಕೆ ಹತ್ತಿರವಾಗಿ ಒಂದು ವರ್ಷಕ್ಕೆ ಮೇಲಾಯಿತು, ಈಗ ಚೆನ್ನಾಗಿ ಪರಾಕ್ರಮಿಸಿರುವೆನೆಂದೂ ಅವನು ಉತ್ತಮಪುರುಷದಲ್ಲಿ ನುಡಿಯುತ್ತಾನೆ. ಪರಾಕ್ರಮವೆಂಬ ಪದವನ್ನು ವಾಚಕರು ಗಮನಿಸಬೇಕು. ಪ್ರಾಕೃತದಲ್ಲಿ ಅದು ‘ಪಕಮ’. ಯುದ್ಧಭೂಮಿಗೆ ಸಲ್ಲುವ ಈ ಶಬ್ದವನ್ನು ಅಶೋಕನು ಧರ್ಮಾಚರಣೆಯ ಶ್ರಮಕ್ಕೆ ತಂದು ಹೂಡಿದ್ದಾನೆ. ಶಬ್ದ ಹಳೆಯದು, ಅದರಲ್ಲಿ ತುಂಬಿದ ಅರ್ಥ ಹೊಸದು. ಕೇಳುವವನಿಗೆ ಶಬ್ದದ ಪರಿಚಯವಿರುವುದರಿಂದ ಅರ್ಥ ಬದಲಾದುದು ಮೆಲ್ಲನೆ ಮಾತ್ರ ತಿಳಿಯುತ್ತದೆ. ರಾಜಕೀಯ ಭಾಷಣಗಳಲ್ಲಿ ಅಂದಿನಿಂದ ಇಂದಿನವರೆಗೆ ಇದಕ್ಕಿಂತ ಬಲವಾದ ಉಪಾಯ ಮತ್ತೊಂದಿಲ್ಲ. ‘ವಿಜಯ’ವನ್ನು ‘ಧರ್ಮವಿಜಯ’ವಾಗಿ, ‘ಭೇರೀಘೋಷ’ವನ್ನು ‘ಧರ್ಮಘೋಷ’ವಾಗಿ ಇವನೇ ಬೇರೆ ಶಾಸನಗಳಲ್ಲಿ ಮಾರ್ಪಡಿಸಿರುವುದೂ ಇದೇ ದಾರಿಯಿಂದ.

ಈ ಪರಾಕ್ರಮದ ಫಲವನ್ನು ಹೇಳುವ ವಾಕ್ಯವೊಂದು ವಿದ್ವಾಂಸರನ್ನು ಬಹುಕಾಲ ಕಾಡಿತು. ಜಂಬೂದ್ವೀಪದಲ್ಲಿ ದೇವತೆಗಳೊಡನೆ ಬೆರೆಯದಿದ್ದ ಜನರು ಈಗ ಬೆರೆತರೆಂಬ ಅರ್ಥವನ್ನು ಇಂದು ಸಾಮಾನ್ಯವಾಗಿ ಒಪ್ಪಿರುವರು. ಮೊದಲಿಗೆ ಕೆಲವರು ‘ಅಮಿಸಾ’ ಎಂಬುದನ್ನು ಅಮೃಷಾ ಎಂದು ತಿಳಿದು, ಸತ್ಯವೆನಿಸಿದ್ದ ದೇವತೆಗಳನ್ನು ಅರಸನು ಸುಳ್ಳುಮಾಡಿದನೆಂದು ಅರ್ಥ ಹೇಳಿದ್ದರು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತ ಪ್ರತಿಯಲ್ಲಿ ‘ಮಿಸಿಭೂತಾ’ ಎಂಬ ರೂಪವಿದ್ದುದರಿಂದ ಬೆರೆಯುವುದೆಂಬ ಅರ್ಥವೇ ನಿಂತಿತು. ಒಂದು ಶಬ್ದದ ಮೇಲೆ ಒಬ್ಬ ಅರಸನು ದೇವದ್ರೋಹಿಯೋ ದೇವಸಖನೋ ಎಂಬುದು ತೂಗುತ್ತಿದ್ದುದನ್ನು ನೋಡಿದರೆ, ವ್ಯಾಕರಣವನ್ನು ಶುಷ್ಕವೆಂದು ಜರೆಯುವವರು ಸ್ವಲ್ಪ ಯೋಚಿಸಬೇಕಾಗುವುದು.

ಮುಂದಿನ ಮಾತು ಈ ಭಾಷಣದ ಹೃದಯ. ಈ ಫಲ ಮಹಾತ್ಮರಾದ ದೊಡ್ಡವರಿಗೆ ಮಾತ್ರ ಸಾಧ್ಯವೆಂದಲ್ಲ. ‘ಖುದಕ’ನೂ, ಎಂದರೆ ಕ್ಷುದ್ರಕನೂ, ಅಲ್ಪನೂ ಪರಾಕ್ರಮಿಸಿದರೆ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲನೆಂದು ಅರಸನು ಸಾರುತ್ತಾನೆ. ದೊಡ್ಡವರೂ ಚಿಕ್ಕವರೂ ಇದನ್ನು ಮಾಡಲಿ, ‘ಅಂತ’ರೂ, ಎಂದರೆ ಎಲ್ಲೆಯಾಚೆಯವರೂ ಇದನ್ನರಿಯಲಿ, ಇದು ಚಿರಸ್ಥಿತಿಯಾಗಲಿ, ಒಂದಕ್ಕೆ ಒಂದೂವರೆಯಾಗಿ ಬೆಳೆಯಲಿ ಎಂದು ಹೇಳುತ್ತಾನೆ. ತಾನು ಹಿಂದೆ ಸಾಕಷ್ಟು ಶ್ರಮಿಸಲಿಲ್ಲವೆಂದು ಮೊದಲೇ ಹೇಳಿಕೊಂಡುದರ ಪ್ರಯೋಜನ ಇಲ್ಲಿ ಕಾಣುತ್ತದೆ. ಮೇಲಿನವನು ಒಂದು ಮೆಟ್ಟಿಲು ಇಳಿದುದರಿಂದಲೇ ಕೆಳಗಿನವನನ್ನು ಒಂದು ಮೆಟ್ಟಿಲು ಏರಿಸುವ ಮಾತು ನಂಬುಗೆಗೆ ಅರ್ಹವಾಯಿತು. ತೆರಿಗೆ ಕೊಡುವವನೆಂದೋ ಸೈನ್ಯಕ್ಕೆ ಬರುವವನೆಂದೋ ಅಲ್ಲದೆ, ಸ್ವರ್ಗಕ್ಕೆ ಅರ್ಹನಾದವನೆಂದು ಅಲ್ಪನನ್ನು ಸಂಬೋಧಿಸಿದ ರಾಜಶಾಸನ ಈ ನಾಡಿನಲ್ಲಿ ಇದಕ್ಕೆ ಹಿಂದಿನದು ದೊರೆತಿಲ್ಲ. ಇದಕ್ಕೆ ಮುಂದಿನವುಗಳಲ್ಲಿಯೂ ವಿರಳ. ಎಲ್ಲೆಯಾಚೆಯವರ ಹೆಸರೆತ್ತಿದುದೂ ಸಾಭಿಪ್ರಾಯವಾಗಿದೆ. ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರೆಂದು ಇವನ ಬೇರೆ ಶಾಸನಗಳಲ್ಲಿ ಬರುವ ಸ್ವತಂತ್ರರು ಇಸಿಲದಿಂದ ತೆಂಕಣಕ್ಕಿದ್ದವರು. ಬ್ರಹ್ಮಗಿರಿಯ ಬಂಡೆ ಎಲ್ಲೆಗೆ ಸಮೀಪವಾಗಿ ನಿಂತು ಎರಡೂ ಕಡೆಗೆ ಮಾತಾಡುತ್ತದೆ.

ಶಾಸನದ ಎರಡನೆಯ ಭಾಗ ಮತ್ತೂ ಸ್ವಾರಸ್ಯವುಳ್ಳದ್ದು. ತಂದೆತಾಯಿಗಳ ಶುಶ್ರೂಷೆ, ಗುರುಗಳಲ್ಲಿ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಅಂತೇವಾಸಿಗಳು ಆಚಾರ್ಯನನ್ನು ಗೌರವಿಸುವುದು, ನೆಂಟರಿಷ್ಟರೊಡನೆ ಯಥೋಚಿತವಾಗಿ ನಡೆಯುವುದು, ಇವಿಷ್ಟನ್ನು ಹೇಳಿ, ಇದೇ ‘ಪೋರಾಣಾ ಪಕಿತಿ’, ಪುರಾತನವಾದ ಪ್ರಕೃತಿ, ಇದರಿಂದ ದೀರ್ಘಾಯುಸ್ಸುಂಟಾಗುವುದು ಎಂದು ಮುಗಿಸಿದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಅಂತೇವಾಸಿಗೆ ಮಾಡುವ ಅನುಶಾಸನವನ್ನು ಬಲ್ಲವರಿಗೆ ಈ ಪಟ್ಟಿ ಹೊಸದೆನಿಸದು. ಇಲ್ಲಿ ಬುದ್ಧನ ಹೆಸರಿಲ್ಲ, ಚತುರಾರ್ಯಸತ್ಯಗಳ ಪ್ರಸಕ್ತಿಯಿಲ್ಲ. ಮೊದಲ ಭಾಗದಲ್ಲಿ ಸಂಘವನ್ನು ಹೆಸರಿಸಿದ ಅರಸನು ಜನರಿಗೆ ಕರ್ತವ್ಯವನ್ನು ವಿಧಿಸುವಾಗ ಯಾರೂ ಇಲ್ಲವೆನ್ನಲಾಗದ ಮಾತುಗಳನ್ನೇ ಆರಿಸಿಕೊಂಡನು. ಹೊಸ ಆಳ್ವಿಕೆ ತನ್ನ ಆಜ್ಞೆಯನ್ನು ‘ಇದು ಹಳೆಯದೇ’ ಎಂದು ಕೊಡುವುದರಲ್ಲಿರುವ ಚಾತುರ್ಯವನ್ನು ವಿವರಿಸಬೇಕಾಗಿಲ್ಲ. ಕೇಳಿದವನಿಗೆ ತಾನು ಅರಸನಿಗೆ ವಿಧೇಯನಾಗುತ್ತಿರುವೆನೆಂದು ತೋರದೆ, ತನ್ನ ಅಜ್ಜಮುತ್ತಜ್ಜಂದಿರಿಗೆ ವಿಧೇಯನಾಗುತ್ತಿರುವೆನೆಂದು ತೋರುತ್ತದೆ.

ಒಂದೇ ಮಾತನ್ನು ಮೂರು ಬಂಡೆಗಳ ಮೇಲೆ ಕಂಡರಿಸಿದುದು ಪುನರುಕ್ತಿದೋಷವಲ್ಲವೆ? ಅಶೋಕನಿಗೆ ಈ ಆಕ್ಷೇಪದ ಅರಿವಿದ್ದಂತಿದೆ. ಹದಿನಾಲ್ಕನೆಯ ಶಿಲಾಶಾಸನದಲ್ಲಿ ಅವನು, ಕೆಲವು ವಿಷಯಗಳನ್ನು ಅವುಗಳ ಮಾಧುರ್ಯದ ಕಾರಣ ಮರಳಿ ಮರಳಿ ಹೇಳಿದೆ, ಜನರು ಹಾಗೆ ನಡೆಯಲೆಂಬುದೇ ಉದ್ದೇಶ ಎಂದು ಸಮಾಧಾನ ಹೇಳಿರುವನು. ಅರ್ಥಶಾಸ್ತ್ರದಲ್ಲಿ ಮಾಧುರ್ಯ ಗುಣ, ಪುನರುಕ್ತ ದೋಷ. ಅಶೋಕನು ಆ ಗುಣವನ್ನೇ ಮುಂದಿಟ್ಟು ದೋಷವನ್ನು ಪರಿಹರಿಸಿಕೊಂಡಿದ್ದಾನೆ! ಸಭೆಯಲ್ಲಿ ಮಾತಾಡುವವರಿಗೆಲ್ಲ ಇದು ಅನುಭವಸಿದ್ಧವಾದ ವಿಷಯ. ಓದುವವನು ಹಿಂದಿನ ಪುಟಕ್ಕೆ ಹೋಗಬಲ್ಲನು, ಕೇಳುವವನು ಹೋಗಲಾರನು. ಆದುದರಿಂದ ಹೇಳುವವನೇ ಹಿಂದಕ್ಕೆ ಬರಬೇಕು.

ಇಷ್ಟೆಲ್ಲ ಸರಿ. ಆದರೆ ಈ ಮಾತು ಯಾವ ಭಾಷೆಯಲ್ಲಿತ್ತು? ಪ್ರಾಕೃತದಲ್ಲಿ. ಮಗಧದ ಕಡೆ ಲಕಾರವಾಗುತ್ತಿದ್ದ ರಕಾರ ಇಲ್ಲಿ ರಕಾರವಾಗಿಯೇ ಉಳಿದಿದೆ. ಪ್ರಥಮಾವಿಭಕ್ತಿಯ ಎಕಾರಾಂತ ಮಾತ್ರ ಮಗಧದ್ದು. ಎಂದರೆ ಕಚೇರಿಯ ಭಾಷೆ ದಾರಿಯಲ್ಲಿ ಸ್ವಲ್ಪ ಬಣ್ಣ ಬದಲಿಸಿಕೊಂಡಿದೆ. ಆದರೆ ಊರಿನ ಭಾಷೆಯಾಗಿಲ್ಲ. ಮೈಸೂರು ಪ್ರಾಕ್ತನವಿಮರ್ಶೆಯ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಸಾಹೇಬರೂ ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನಗಳಿಂದ, ಕಬ್ಬಿಣದ ಆಯುಧಗಳನ್ನೂ ಕಪ್ಪುಕೆಂಪು ಮಡಕೆಗಳನ್ನೂ ಬಳಸುತ್ತ, ಸತ್ತವರನ್ನು ಭಾರಿಯ ಕಲ್ಲುಚಪ್ಪಡಿಗಳ ಗೋರಿಗಳಲ್ಲಿರಿಸುತ್ತಿದ್ದ ಜನರು ಅಲ್ಲಿ ನೆಲಸಿದ್ದರೆಂಬುದು ಗೊತ್ತಾಗಿದೆ. ಅವರ ಮನೆಮಾತು ಪ್ರಾಕೃತವಾಗಿದ್ದಿರಲಾರದು. ಇಸಿಲವೆಂಬ ಊರ ಹೆಸರೇ ಕನ್ನಡದ ಎಸೆ, ಇಸು ಎಂಬ ಧಾತುವಿಗೆ ಸಂಬಂಧಿಸಿದ್ದೆಂದು ಕೆಲವು ಪಂಡಿತರು ಊಹಿಸಿರುವರು. ಊಹೆ ನಿಜವಾದರೆ, ಈ ದೊಡ್ಡ ಭಾಷಣದಲ್ಲಿ ಕೇಳುಗರ ಭಾಷೆಗೆ ಸಂದ ಪಾಲು ವಿಳಾಸದ ಒಂದು ಶಬ್ದ ಮಾತ್ರ.

ಹೀಗಿರುವಲ್ಲಿ ಚಕ್ರವರ್ತಿಯ ಮಾತು ಕುರಿಕಾಯುವವನ ಕಿವಿಗೆ ಮುಟ್ಟಿದುದು ಹೇಗೆ? ಕರ್ನೂಲು ಸೀಮೆಯ ಎರ್ರಗುಡಿಯ ಪ್ರತಿಯಲ್ಲಿ ಇದಕ್ಕೆ ಉತ್ತರದ ಸುಳಿವುಂಟು. ರಜ್ಜುಕರಿಗೆ ಆಜ್ಞೆಯಾಗಬೇಕು, ಅವರು ಭೇರಿಯನ್ನು ಹೊಡೆಯಿಸಿ ಜಾನಪದರಿಗೂ ರಾಷ್ಟ್ರಿಕರಿಗೂ ತಿಳಿಸಬೇಕು ಎಂದು ಅಲ್ಲಿ ವಿಧಿಸಿದೆ. ಆನೆಯ ಮಾವಟಿಗರು, ಕರಣಿಕರು, ಬ್ರಾಹ್ಮಣ ಅಧ್ಯಾಪಕರು ತಮ್ಮ ತಮ್ಮ ಶಿಷ್ಯರಿಗೆ ಕಲಿಸಬೇಕೆಂದೂ ಇದೆ. ಇದು ಡಂಗುರವೇ ಸರಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ತಮಟೆಯ ಸದ್ದಿನೊಡನೆ ಸರ್ಕಾರದ ಸುದ್ದಿಯನ್ನು ಸಾರುತ್ತಿದ್ದುದನ್ನು ಕಂಡ ಹಿರಿಯರಿಗೆ ಇದರ ಚಿತ್ರ ಕಣ್ಣಿಗೆ ಕಟ್ಟುವುದು. ಸಾರುವವನು ಕಚೇರಿಯ ಶಬ್ದಗಳನ್ನು ಹಾಗೆಯೇ ಹೇಳುತ್ತಿರಲಿಲ್ಲ. ತನ್ನ ಮಾತಿನಲ್ಲಿ ಹೇಳುತ್ತಿದ್ದನು. ಅರಸನ ‘ಪಕಮ’ವನ್ನು ಇಸಿಲದ ದುಭಾಷಿಯು ಯಾವ ಮಾತಿನಿಂದ ಹೇಳಿದನೋ ಅದೇ ಜನರ ಪಾಲಿಗೆ ರಾಜಾಜ್ಞೆ. ಹಾಗಾಗಿ ಅಧಿಕಾರದ ಒಂದು ಭಾಗ ಸದ್ದಿಲ್ಲದೆ ಅವನ ನಾಲಗೆಗೆ ಸೇರಿತು. ಎರಡು ಭಾಷೆಗಳ ನಡುವೆ ನಿಂತವನ ಕೈಯಲ್ಲಿ ಎರಡು ಕಡೆಯ ನಂಬುಗೆಯೂ ಇರುತ್ತದೆ. ಅದನ್ನು ಅವನು ಹೇಗೆ ಬಳಸಿದನೆಂಬುದನ್ನು ಯಾವ ಬಂಡೆಯೂ ಹೇಳುವುದಿಲ್ಲ. ಈ ಸೀಮೆಯಲ್ಲಿ ಇಂದಿಗೂ ಕನ್ನಡ ಮನೆಮಾತಿನವರೂ ತೆಲುಗು ಮನೆಮಾತಿನವರೂ ಒಂದೇ ಬೀದಿಯಲ್ಲಿ ಬಾಳುತ್ತಿರುವರು. ಮತ ಕೇಳಲು ಬರುವ ಭಾಷಣಕಾರನು ಕನ್ನಡದಲ್ಲಿ ಅರ್ಧಗಂಟೆ ನುಡಿದು ಕೊನೆಯಲ್ಲಿ ತೆಲುಗಿನ ಎರಡು ಮಾತು ಸೇರಿಸಿದರೆ, ಸಭೆಯ ಒಂದು ಮೂಲೆ ಎದ್ದು ಕೂರುವುದು. ಆ ಎರಡು ಮಾತಿನಲ್ಲಿ ವಿಷಯವೇನೂ ಇರಬೇಕಾಗಿಲ್ಲ.

ಶಾಸನದ ಕೊನೆಯಲ್ಲಿ ಲಿಪಿಕಾರನ ಹೆಸರಿದೆ, ಚಪಡ. ಅವನು ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ ಎಂಬ ಒಂದು ಶಬ್ದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠೀಲಿಪಿಯಲ್ಲಿ ಬರೆದಿದ್ದಾನೆ. ಅದು ಗಾಂಧಾರದ ಕಡೆಯ ಲಿಪಿ. ಜನಗಹಳ್ಳದ ದಡದಲ್ಲಿ ಅದನ್ನು ಓದುವವರು ಇದ್ದಿರಲಾರರು. ಚಪಡನು ಆ ಕಡೆಯಿಂದ ಬಂದವನಿರಬಹುದು, ಅಥವಾ ಎರಡು ಲಿಪಿ ಬಲ್ಲೆನೆಂಬ ಹೆಮ್ಮೆ ಅವನಿಗಿದ್ದಿರಬಹುದು. ಚಕ್ರವರ್ತಿಯೇ ಈ ಬಂಡೆಯ ಮೇಲೆ ತನ್ನ ಹೆಸರನ್ನು ಹೇಳಿಕೊಂಡಿಲ್ಲ, ಬಿರುದೊಂದೇ ಇದೆ. ಬರೆದವನ ಹೆಸರು ಮಾತ್ರ ಉಳಿಯಿತು.

ಈ ಭಾಷಣದ ಸೌಮ್ಯತೆಯನ್ನು ಮೆಚ್ಚುವಾಗ ಅದರ ಹಿಂದೆ ನಿಂತದ್ದನ್ನು ಮರೆಯಲಾಗದು. ಸಾಮ, ದಾನ, ಭೇದ, ದಂಡಗಳಲ್ಲಿ ಇಲ್ಲಿ ಕಾಣುವುದು ಸಾಮವೊಂದೇ ಆದರೂ, ಅದನ್ನು ಓದಿಸಿದವರು ದಂಡಧರರಾದ ಮಹಾಮಾತ್ರರು. ಕಳಿಂಗಯುದ್ಧದ ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಿಲಾಶಾಸನದಲ್ಲಿಯೇ ಆಟವಿಕರಿಗೆ, ಎಂದರೆ ಕಾಡಿನವರಿಗೆ, ಪಶ್ಚಾತ್ತಾಪಪಟ್ಟಿದ್ದರೂ ಅರಸನಿಗೆ ಶಕ್ತಿಯಿದೆ, ನಾಚಿ ನಡೆದುಕೊಳ್ಳಲಿ, ಇಲ್ಲವಾದರೆ ಕೊಲ್ಲಿಸಿಕೊಂಡಾರು ಎಂಬ ಎಚ್ಚರಿಕೆಯುಂಟು. ಮತ್ತೂ ಒಂದು ಸಂಗತಿ: ಆ ಪಶ್ಚಾತ್ತಾಪದ ಶಾಸನವನ್ನು ಕಳಿಂಗದ ಧೌಲಿ, ಜೌಗಡಗಳಲ್ಲಿ ಕೆತ್ತಿಸಲಿಲ್ಲ. ಅಲ್ಲಿ ಬೇರೆ ಎರಡು ಶಾಸನಗಳನ್ನಿಟ್ಟು, ಎಲ್ಲ ಜನರೂ ತನ್ನ ಮಕ್ಕಳೆಂದು ನುಡಿದನು. ಯಾರನ್ನು ಕೊಂದನೋ ಅವರ ಮುಂದೆ ಕೊಂದುದರ ದುಃಖವನ್ನು ಹೇಳದೆ, ದೂರದವರ ಮುಂದೆ ಹೇಳಿದನು. ಇದು ಕರುಣೆಯಿಂದ ಆದುದೆಂದು ಹೇಳುವವರುಂಟು. ರಾಜನೀತಿಯೆಂದು ಹೇಳುವವರೂ ಉಂಟು. ಎರಡನೆಯ ಪಕ್ಷವೇ ಹೆಚ್ಚು ಯುಕ್ತವಾಗಿ ತೋರುವುದು. ಮೊಳಕಾಲ್ಮೂರಿನ ಶಾಸನಗಳಲ್ಲಿ ಯುದ್ಧದ ಸೊಲ್ಲೇ ಇಲ್ಲದಿರುವುದನ್ನೂ ಈ ಬೆಳಕಿನಲ್ಲಿ ನೋಡಬೇಕು. ಕ್ಷುದ್ರಕನಿಗೆ ಸ್ವರ್ಗವನ್ನು ತೋರಿದ ಮಾತಿನ ಬೆಲೆ ಇದರಿಂದ ಕಡಮೆಯಾಗದು. ಆದರೆ ಆ ಮಾತು ಬರಿಯ ಧರ್ಮೋಪದೇಶವೆಂದು ತಿಳಿಯುವುದೂ ಸರಿಯಲ್ಲ.

ಮಾತಿನಿಂದ ಕಟ್ಟಿದ ಅಧಿಕಾರ ಮಾತಿನಲ್ಲಿಯೇ ಕೆಟ್ಟ ಕಥೆಯೂ ಇಲ್ಲಿದೆ. ‘ದೇವಾನಾಂಪ್ರಿಯ’ ಎಂಬುದು ಅಶೋಕನ ಪ್ರಿಯವಾದ ಬಿರುದು. ಪಾಣಿನಿಯ ಆರನೆಯ ಅಧ್ಯಾಯದಲ್ಲಿ, ನಿಂದೆ ತೋರುವಾಗ ಸಮಾಸದಲ್ಲಿ ಷಷ್ಠೀವಿಭಕ್ತಿ ಲೋಪವಾಗದೆ ಉಳಿಯುವುದನ್ನು ಹೇಳುವ ಸೂತ್ರವುಂಟು. ಅದರ ಮೇಲೆ ವಾರ್ತಿಕಕಾರನಾದ ಕಾತ್ಯಾಯನನು ‘ದೇವಾನಾಂಪ್ರಿಯ’ ಶಬ್ದವನ್ನು ಸೇರಿಸಿದನು. ಪತಂಜಲಿಯ ಮಹಾಭಾಷ್ಯದಲ್ಲಿ ಒಬ್ಬ ವೈಯಾಕರಣನು ಸೂತನೊಬ್ಬನ ಪ್ರಯೋಗವನ್ನು ಅಪಶಬ್ದವೆಂದು ಹಳಿಯಲು, ಆ ಸೂತನು, ದೇವಾನಾಂಪ್ರಿಯರಿಗೆ ಸೂತ್ರದ ಪ್ರಾಪ್ತಿ ಗೊತ್ತು, ಲೋಕದ ಇಷ್ಟಿ ಗೊತ್ತಿಲ್ಲವೆಂದು ಹಾಸ್ಯಮಾಡುತ್ತಾನೆ. ಕೊನೆಗೆ ಭಟ್ಟೋಜಿದೀಕ್ಷಿತನ ಸಿದ್ಧಾಂತಕೌಮುದಿಯಲ್ಲಿ ಈ ಶಬ್ದಕ್ಕೆ ಮೂರ್ಖನೆಂಬ ಅರ್ಥವೇ ಸ್ಥಿರವಾಯಿತು. ಪಾಠಶಾಲೆಗಳಲ್ಲಿ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು, ಅದು ಒಬ್ಬ ಚಕ್ರವರ್ತಿಯ ಬಿರುದೆಂಬುದರ ಸುಳಿವೇ ಇಲ್ಲದೆ ಅದನ್ನು ಬೈಗುಳವೆಂದು ಉರುಹೊಡೆದರು. ಲಿಪಿಯೂ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಓದುವವರೆಗೂ ಆ ಅಕ್ಷರಗಳು ಬರಿಯ ಗೀರುಗಳಾಗಿದ್ದುವು. ಜಟಿಂಗರಾಮೇಶ್ವರದ ಬೆಟ್ಟದಲ್ಲಿ ಜಾತ್ರೆಯ ಕಾಲಕ್ಕೆ ಬಳೆಗಾರರು ಶಾಸನವಿರುವ ಬಂಡೆಯ ಮೇಲೆಯೇ ಅಂಗಡಿ ಹೂಡುತ್ತಿದ್ದುದರಿಂದ ಅದಕ್ಕೆ ಬಳೆಗಾರನ ಗುಂಡು ಎಂದು ಹೆಸರು ಬಂದಿತು. ಅಕ್ಷರಗಳು ಬಹಳ ಸವೆದುವು. ಬ್ರಹ್ಮಗಿರಿಯ ಬಂಡೆಗೆ ಮಾತ್ರ ಹಳ್ಳಿಯವರು ಅಕ್ಷರಗುಂಡು ಎಂದು ಹೆಸರಿಟ್ಟಿದ್ದರು. ಓದು ಮರೆತರೂ, ಅದು ಅಕ್ಷರವೆಂಬುದನ್ನು ಅವರು ಮರೆಯಲಿಲ್ಲ.

ಇದಾದ ಎಷ್ಟೋ ಶತಮಾನಗಳ ಮೇಲೆ ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಕೆರೆಯನ್ನು ಮಾಡಿಸಿ ಶಾಸನ ಹಾಕಿಸಿದನು. ಅದೂ ಪ್ರಾಕೃತ, ಮೂರೇ ಸಾಲು, ಅಷ್ಟರಲ್ಲಿಯೇ ಗೆದ್ದವರ ಹೆಸರುಗಳನ್ನು ತುಂಬಿದೆ. ಆ ಹೆಸರುಗಳ ಪಾಠದಲ್ಲಿ ವಿವಾದವಿರಲಿ. ಅರಸನ ದನಿ ಬದಲಾಯಿತೆಂಬುದರಲ್ಲಿ ವಿವಾದವಿಲ್ಲ. ಆ ತರುವಾಯ ಚಿತ್ರದುರ್ಗದ ಸಮೀಪದ ತಮಟಕಲ್ಲಿನಲ್ಲಿ ಕಲ್ಲಿನ ಮಾತು ಕನ್ನಡವಾಯಿತು. ದುಭಾಷಿಯ ಅಗತ್ಯವಿಲ್ಲದೆ ಕೇಳುಗನು ತಾನೇ ಕೇಳಿ ತಿಳಿಯುವ ಕಾಲ ಬರಲು, ಇಸಿಲದ ಭೇರಿ ಮೊಳಗಿದ ದಿನದಿಂದ ಏಳುನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು.

1947ರ ಜುಲೈ 22ರಂದು ಸಂವಿಧಾನಸಭೆಯಲ್ಲಿ ರಾಷ್ಟ್ರಧ್ವಜದ ನಿರ್ಣಯವನ್ನು ಮಂಡಿಸುತ್ತ ಜವಾಹರಲಾಲ್ ನೆಹರೂರವರು, ಧ್ವಜದ ಚಕ್ರದ ಪ್ರಸಂಗದಲ್ಲಿ ಅಶೋಕನ ಹೆಸರನ್ನು ಎತ್ತಿ ಗೌರವದಿಂದ ನುಡಿದರು. ಆ ಭಾಷಣ ಇಂಗ್ಲಿಷಿನಲ್ಲಿತ್ತು. ಅದೇ ವರ್ಷ ವೀಲರ್ ಸಾಹೇಬರ ಜನ ಬ್ರಹ್ಮಗಿರಿಯ ತಪ್ಪಲಿನಲ್ಲಿ ಇಸಿಲದ ಮಣ್ಣನ್ನು ಪದರಪದರವಾಗಿ ಅಗೆದು, ಚಪಡನ ಕಾಲದವರು ಒಡೆದು ಬಿಸುಟ ಮಡಕೆಯ ಚೂರುಗಳನ್ನು ಎಣಿಸುತ್ತಿದ್ದರು. ಸಿದ್ದಾಪುರವನ್ನು ಈಗ ಜನರು ಅಶೋಕ ಸಿದ್ದಾಪುರವೆಂದು ಕರೆಯುತ್ತಾರೆ. ಅಲ್ಲಿಯ ಬಂಡೆಯ ಮೇಲೆ ಇಲ್ಲದ ಹೆಸರು ಊರಿಗೆ ಬಂದು ಸೇರಿದೆ.